ಅಪ್ಪನ ಊರು

ಮುಂತಾಸಿರ್ ಸಸ್ಯಶಾಸ್ತ್ರದಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದ. ಢಾಕಾದಲ್ಲಿ ಆ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಬಹುದಿತ್ತು, ಅಷ್ಟೇ. ಹೋದ ಕಡೆಯೆಲ್ಲ "ಅನುಭವ ಇದೆಯಾ?" ಎನ್ನುವ ಮಹಾನುಭಾವರೇ. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು ಎಂದು ಯೋಚಿಸುವ ಬುದ್ಧಿ ಅವನಿಗಿತ್ತು, ಕೇಳುವ ಬಾಯಿ ಇರಲಿಲ್ಲ. ಉಳ್ಳವರ ದಡ್ಡ ಮಕ್ಕಳಿಗೆ ಟ್ಯೂಷನ್ ಹೇಳುತ್ತ, ಅವರ ಮನೆಯ ಚಹಾ ಬಿಸ್ಕತ್ತಿನಲ್ಲೇ ಸಂಜೆಯ ಹಸಿವು ನೀಗಿಸಿಕೊಳ್ಳುತ್ತಿದ್ದ.

ಕೊನೆಗೊಮ್ಮೆ ಮೋತಿಝೀಲಿನ ಸೋಪಿನ ಕಂಪನಿಯೊಂದು ಸಂದರ್ಶನಕ್ಕೆ ಕರೆಯಿತು. ಇದೂ ಕೈತಪ್ಪಿದರೆ ಊರಿಗೆ ಹೋಗಿ ಮಾವನ ಅಂಗಡಿಯಲ್ಲಿ ಈರುಳ್ಳಿ ತೂಗುವುದೇ ಗತಿ. ರೂಮಿನ ಗೆಳೆಯ ತೌಹೀದ್ ಗುಟ್ಟು ಹೇಳಿಕೊಟ್ಟ.

"ಮಾಲೀಕ ಭುಯಿಯಾ ನೋವಾಖಾಲಿ ಜಿಲ್ಲೆಯವನು ಕಣೋ, ಆ ಕಡೆಯೋರಿಗೇ ಕೆಲಸ ಕೊಡೋದು. ಊರು ಯಾವ್ದು ಅಂತ ಕೇಳೇ ಕೇಳ್ತಾನೆ. ನಿಮ್ಮೂರು ಬರಿಶಾಲ ಅಂದ್ಯೋ, ಕೆಟ್ಟೆ!"

ವಿಶ್ವವಿದ್ಯಾಲಯದಲ್ಲಿ ಇಷ್ಟು ಉಪಯೋಗದ ಪಾಠವನ್ನು ಯಾವ ಪ್ರೊಫೆಸರೂ ಮಾಡಿರಲಿಲ್ಲ.

ಭುಯಿಯಾ ಸಾಹೇಬ ಸರ್ಟಿಫಿಕೇಟಿನಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದ, "ಸ್ವಂತ ಊರು?"

"ನೋವಾಖಾಲಿ, ಸರ್."

"ಅರೆ, ನಮ್ಮೋನೇ! ಅಪ್ಪ ಊರಲ್ಲೇ ಇದಾರಾ?"

ಮುಂತಾಸಿರನಿಗೆ ಖುಷಿ ತಲೆಗೇರಿತು. ಕಣ್ಣಿನ ಡಾಕ್ಟರಿಗೆ ತೋರಿಸಲು ಅಪ್ಪ ನಿನ್ನೆಯಷ್ಟೇ ಲಾಂಚು ದೋಣಿಯಲ್ಲಿ ಬಂದಿದ್ದರು. "ಕೆಳಗೆ ಚಹಾದಂಗಡೀಲಿ ಕೂತಿದಾರೆ, ಸರ್" ಎಂದುಬಿಟ್ಟ. ಮೊದಲ ದರ್ಜೆಯ ಬುದ್ಧಿ!

"ನಮ್ಮೂರ ಹಿರಿಯರು ಬೀದೀಲಿ ಕೂರೋದಾ?" ಎಂದು ಸಾಹೇಬ ಜವಾನನನ್ನು ಓಡಿಸಿದ.

ಅಪ್ಪ ಇದ್ರಿಸ್ ಮೇಷ್ಟ್ರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಬರಿಶಾಲದ ಹೊಳೆಯ ನೀರು ಬಿಟ್ಟರೆ ಬೇರೆಲ್ಲೂ ಬಾಯಾರಿಕೆ ತೀರುವುದಿಲ್ಲ ಎಂದು ನಂಬಿದ ಮನುಷ್ಯ.

"ಬನ್ನಿ ಚಾಚಾ. ನೋವಾಖಾಲೀಲಿ ಯಾವ ಹಳ್ಳಿ ನಿಮ್ದು?"

ಮೇಷ್ಟ್ರು ಮಗನ ಕಡೆ ತಿರುಗಿದರು. ಮಗ ಮೇಜಿನ ಗಾಜನ್ನೇ ನೋಡುತ್ತಿದ್ದ.

"ನೋವಾಖಾಲಿನಾ? ಯಾವನು ಹೇಳಿದ್ದು? ನಮ್ದು ಬರಿಶಾಲ. ನಮ್ಮಪ್ಪ, ಅವರಪ್ಪ, ಎಲ್ರೂ ಅದೇ ಮಣ್ಣಲ್ಲಿ ಮಲಗಿದಾರೆ!"

ಮುಂತಾಸಿರನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಆದರೆ ಸಾಹೇಬ ಹೊಟ್ಟೆ ಕುಣಿಸಿಕೊಂಡು ನಕ್ಕ.

"ಭೇಷ್! ಕೆಲಸಕ್ಕೆ ಅಂತ ಅಪ್ಪನ ಊರನ್ನೇ ಮಾರ್ದೋನು ನನ್ನ ಸೋಪು ಮಾರದೆ ಇರ್ತಾನಾ? ಇಂಥೋನೇ ಬೇಕಾಗಿತ್ತು ನಂಗೆ. ಶುಕ್ರ-ಶನಿ ರಜೆ, ಭಾನುವಾರದಿಂದ ಬಾರಯ್ಯ."

ಆ ಮಾತಿಗೂ ಮುಂತಾಸಿರ್ ಬೆನ್ನು ಬಗ್ಗಿಸಿ ಸಲಾಂ ಹೊಡೆದ. ನಾಚಿಕೆಗೇಡಿ.

ಮೆಟ್ಟಿಲು ಇಳಿಯುವಾಗ ಅಪ್ಪನ ಕೈ ಹಿಡಿಯಲು ಹೋದ. "ಅಪ್ಪಾ, ಕೆಲಸ ಸಿಕ್ತು."

ಮೇಷ್ಟ್ರು ಕೈ ಕೊಸರಿಕೊಂಡು, ಕಾಲಿನಿಂದಲೇ ಮೆಟ್ಟಿಲು ತಡಕುತ್ತ ಇಳಿದರು.

"ಆ ನೋವಾಖಾಲಿ ಹುಡುಗನಿಗೆ ಸಿಕ್ತು. ನನ್ನ ಮಗನಿಗೆ ಯಾವಾಗ ಸಿಗುತ್ತೆ?"