ಹೊರಗಿನ ಬಾಯ್ಲರಿಗೆ ಕಟ್ಟಿಗೆ ಹಾಕುವವರು

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಹೇಸ್ ಬಡಾವಣೆಯ ಬಾಡಿಗೆ ಮನೆ ಬಿಟ್ಟು, ಲಂಡನ್ನಿನ ಅಂಚಿನಲ್ಲಿ ಹೊಲಗಳ ನಡುವಿನ ಹಳೆಯ ಮನೆಯೊಂದನ್ನು ಕೊಂಡೆವು. ಅಲ್ಲಿಯ ನಗರಾಡಳಿತ, ಕೌನ್ಸಿಲ್, ಏನೋ ಲಂಡನ್ನಿನದೇ, ಆದರೆ ಗ್ಯಾಸ್ ಪೈಪು ನಮ್ಮ ಓಣಿಯವರೆಗೆ ಬಂದಿರಲಿಲ್ಲ. ಮನೆ ಬೆಚ್ಚಗಿಡಲು ಇದ್ದ ಎಣ್ಣೆಯ ಬಾಯ್ಲರ್ ಮೊದಲ ಚಳಿಗಾಲದಲ್ಲೇ ಕೈಕೊಟ್ಟಿತು.

ನನ್ನ ಗಂಡ ಅರಿವಳಿಕೆ ಕೊಡುವ ಡಾಕ್ಟರು. ಪ್ರತಿಯೊಂದನ್ನೂ ಹತ್ತು ಸಲ ನೋಡದೆ ಮುಂದಿನ ಹೆಜ್ಜೆ ಇಡುವವರಲ್ಲ. ಆಪರೇಷನ್ ಥಿಯೇಟರಿನಲ್ಲಿ ಆ ಗುಣ ಜೀವ ಉಳಿಸುತ್ತದೆ. ಮನೆಯಲ್ಲಿ ನನ್ನ ಜೀವ ತಿನ್ನುತ್ತದೆ. ಹಿತ್ತಲಲ್ಲಿ ಬಿದ್ದ ಮರಗಳನ್ನು ನೋಡಿ, ಕಟ್ಟಿಗೆಯ ಬಾಯ್ಲರನ್ನೇ ತರೋಣ ಎಂದರು. ಅದು ಮನೆಯೊಳಗಿನದಲ್ಲ. ಅಂಗಳದಲ್ಲಿ ಪುಟ್ಟ ಶೆಡ್ಡಿನಂತೆ ನಿಲ್ಲುತ್ತದೆ. ಒಳಗೆ ಬೆಂಕಿ, ಸುತ್ತ ನೀರು. ಕಾದ ನೀರು ನೆಲದಡಿಯ ಕೊಳವೆಯಲ್ಲಿ ಹರಿದು ಕೋಣೆ ಕಾಯಿಸುವ ರೇಡಿಯೇಟರುಗಳಿಗೆ ಬರುತ್ತದೆ.

ಆಗ ಶುರುವಾಯಿತು ಆಯ್ಕೆ. ಊಟದ ಮೇಜಿನ ತುಂಬ ಕ್ಯಾಟಲಾಗುಗಳು. ಲಂಡನ್ನಿನ ಬಹುಭಾಗದಲ್ಲಿ ಹೊಗೆಗೆ ನಿರ್ಬಂಧವಿದ್ದುದರಿಂದ, ನಮ್ಮ ಓಣಿಯಲ್ಲಿ ಕಟ್ಟಿಗೆ ಸುಡಬಹುದೇ ಎಂದು ಕೌನ್ಸಿಲ್‌ಗೆ ಪತ್ರ. ಸುಡಬಹುದು ಎಂಬ ಉತ್ತರಕ್ಕೆ ಒಂದೂವರೆ ತಿಂಗಳು. ಬೇಸಿಗೆ ಹೋಯಿತು, ಎಲೆ ಉದುರಿದವು.

“ರೀ, ನೀವು ಗುರುತು ಹಾಕಿದ ಈ ಮೂರರಾಗ ಯಾವುದಾರ ಒಂದು ತಗೋರಿ,” ಎಂದೆ.

“ತಡೀ, ಇನ್ನೊಂದು ನೋಡೋದದ.”

“ನೋಡಿ ನೋಡಿ ನಾವ ಥಂಡ್ಯಾಗ ಸೆಟದ ಹೋಗ್ತೀವಿ.”

ಸ್ವೆಟರಿನ ಮೇಲೆ ಕೋಟು ಹಾಕಿ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆ, “ಅಪ್ಪಾ, ಜಸ್ಟ್ ಬೈ ಒನ್,” ಎಂದಳು.

ಇನ್ನೊಂದನ್ನು ನೋಡಲು ಕೆಂಟ್‌ನ ಒಂದು ತೋಟದ ಮನೆಗೆ ಹೋದೆವು. ಅಲ್ಲಿಯ ರೈತ ಬಾಯ್ಲರಿನ ಬಾಗಿಲು ತೆರೆದು ಒಂದು ಗಂಟೆ ವಿವರಿಸಿದ. ಇವರು ಪ್ರತಿ ಮಾತನ್ನೂ ಬರೆದುಕೊಂಡರು. ನಾನು ಚಳಿ ತಡೆಯಲಾರದೆ ಅಡುಗೆಮನೆಗೆ ಹೋದೆ. ರೈತನ ಹೆಂಡತಿ ಟೀ ಕೊಟ್ಟು ಮೆಲ್ಲಗೆ ಕೇಳಿದಳು: “ನಿಮ್ಮ ಮನೆಯಲ್ಲಿ ಕಟ್ಟಿಗೆ ಹಾಕುವವರು ಯಾರು? ಇಲ್ಲಿ ಆರಿಸಿದ್ದು ಅವನು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಕುವವಳು ನಾನು.” ಅಂಗೈ ತೋರಿಸಿದಳು. ದಡ್ಡುಗಟ್ಟಿತ್ತು.

ವಾಪಸು ಬರುವಾಗ ಕಾರಿನಲ್ಲೇ ಹೇಳಿಬಿಟ್ಟೆ: “ಇನ್ನ ನೀವು ಆರಿಸೋದು ಬ್ಯಾಡ. ನಾ ಆರಿಸ್ತೀನಿ. ಕಟ್ಟಿಗಿ ಮಾತ್ರ ನೀವ ಹಾಕಬೇಕು.”

ಇವರು ಕಾರಿನ ಹೀಟರನ್ನು ಒಂದು ಗೆರೆ ಏರಿಸಿದರು. ಆಮೇಲೆ, “ದಿನಾ?” ಎಂದರು.

“ದಿನಾ.”

ಮರುದಿನ ನಾನೇ ಬಾಯ್ಲರ್ ಮಾರುವವರಿಗೆ ಫೋನ್ ಮಾಡಿದೆ. ಕೇಳಿದ್ದು ಎರಡೇ ಪ್ರಶ್ನೆ: ದಿನಕ್ಕೆ ಎಷ್ಟು ಸಲ ಕಟ್ಟಿಗೆ ಹಾಕಬೇಕು, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ. ಒಂದು ಸಲ ಹಾಕಿದರೆ ಸಾಕು ಎಂಬಷ್ಟು ದೊಡ್ಡ ನೀರಿನ ಟ್ಯಾಂಕಿನ ಬಾಯ್ಲರನ್ನು ಆರ್ಡರ್ ಮಾಡಿಬಿಟ್ಟೆ.

ಜನವರಿಯಲ್ಲಿ ಬಾಯ್ಲರ್ ಬಂತು. ಇವರು ಹಿತ್ತಲಲ್ಲಿ ಮಳೆಗೆ ನೆನೆದು ಬಿದ್ದಿದ್ದ ಮರ ಕಡಿಸಿ ಬಾಯ್ಲರಿಗೆ ತುಂಬಿದರು. ಬೆಂಕಿಗಿಂತ ಹೊಗೆಯೇ ಹೆಚ್ಚು. ಎದುರು ಮನೆಯ ಮುದುಕ ಒಣಹಾಕಿದ್ದ, ಹೊಗೆವಾಸನೆಯ ಬೆಡ್‌ಶೀಟು ಹಿಡಿದುಕೊಂಡೇ ಬಾಗಿಲು ಬಡಿದ. ತಿಂಗಳುಗಟ್ಟಲೆ ಕ್ಯಾಟಲಾಗು ಓದಿದ ಮನುಷ್ಯ, ಹಸಿ ಕಟ್ಟಿಗೆ ಉರಿಯುವುದಿಲ್ಲ ಎಂಬುದನ್ನು ಅವನಿಂದ ಹೇಳಿಸಿಕೊಳ್ಳಬೇಕಾಯಿತು! ನನಗೆ ಸಿಟ್ಟು ಎಷ್ಟು ಬಂತೆಂದರೆ, ಮುದುಕನಿಗೆ ಕ್ಷಮೆ ಕೇಳಲು ಇವರೊಬ್ಬರನ್ನೇ ಕಳಿಸಿದೆ. ಮುದುಕನೇ ಒಣ ಕಟ್ಟಿಗೆ ಮಾರುವವನ ನಂಬರು ಕೊಟ್ಟು ಕಳಿಸಿದ.

ಎರಡು ತಿಂಗಳು ಕಾದ ಮೇಲೆ ಆ ಒಣ ಕಟ್ಟಿಗೆಯ ಲೋಡು ಬಂದಿಳಿದ ದಿನ ಮನೆಯೆಲ್ಲ ಬೆಚ್ಚಗಾಯಿತು. ಮಗಳು ಕೋಟು ತೆಗೆದಿಟ್ಟಳು. ಹೊರಗೆ ವಸಂತದ ಡ್ಯಾಫೊಡಿಲ್ ಹೂಗಳು ಅರಳಿದ್ದವು, ಚಳಿಗಾಲ ಮುಗಿದಿತ್ತು.