ಕೆರೆಯ ಮೇಲಿನ ಸಾಸರ್

ಅದು ಮಾಮೂಲಿ ಭಾನುವಾರ. ಹೆಂಡತಿ ಸುಶೀಲಳ ಕೈಯಿಂದ ನನ್ನ ಕಾಫಿಯ ಸಾಸರ್ ಜಾರಿ ಒಡೆಯಿತು. “ಕೈಯಲ್ಲಿ ಶಕ್ತಿ ಇಲ್ವಾ?” ಎಂದು ರೇಗಿದೆ. “ಬೈಬೇಡ್ರೀ, ಹಲಸೂರಲ್ಲಿ ಗೋಡೆಚಿತ್ರಕ್ಕೆ ಒಡೆದ ಪಿಂಗಾಣೀನೇ ಬೇಕಂತೆ,” ಎಂದು ನಕ್ಕು, ಚೂರುಗಳನ್ನು ಡಬ್ಬಿಗೆ ಹಾಕಿಟ್ಟಳು. ಮರುದಿನ ಬೆಳಗ್ಗೆ ಅವಳ ಬಲಗೈ ಮೇಲೇಳಲೇ ಇಲ್ಲ. ವಾರದೊಳಗೆ ಹೋಗಿಬಿಟ್ಟಳು.

ಇವತ್ತು ಆ ಡಬ್ಬಿ ಹಿಡಿದು ಕೃಷ್ಣರಾಜಪುರದಿಂದ ರೈಲಿನಲ್ಲಿ ಬೆಂಗಳೂರು ದಂಡು ನಿಲ್ದಾಣಕ್ಕೆ ಬಂದು, ಹಲಸೂರಿಗೆ ನಡೆದೆ. ಹಳೆಯ ಹಿಟ್ಟಿನ ಗಿರಣಿ ಈಗ ವಾಚನಾಲಯವಾಗಿದೆ. ಜನ ತಂದ ಬಳೆ, ಪಿಂಗಾಣಿ ಚೂರುಗಳಿಂದ ಅದರ ಗೋಡೆಯ ಮೇಲೆ ಕೆರೆಯೊಂದು ಮೂಡುತ್ತಿತ್ತು. ತಂದವರೇ ತಮ್ಮ ಚೂರನ್ನು ಹಸಿ ಸಿಮೆಂಟಿಗೆ ಒತ್ತಬೇಕಂತೆ.

“ಎಲ್ಲಾ ಒಂದೇ ಕಡೆ ಕೂರಿಸ್ತೀರಾ? ನಮ್ಮ ಮನೆಯವಳದು. ತೀರಿಕೊಂಡಳು,” ಎಂದೆ.

ಮೇಸ್ತ್ರಿ ಸೆಲ್ವಂ ಗೋಡೆಯ ಮೇಲೆ ಒಂದು ಹಿಡಿ ಹಸಿ ಸಿಮೆಂಟು ಸವರಿದರು. “ಬೆರೆಸಿ ಹಾಕೋದು ನಮ್ಮ ಪದ್ಧತಿ. ಇರ್ಲಿ, ಕೆರೆ ಮೇಲೆ ಚಂದ್ರ ಆಗ್ತದೆ. ಒತ್ತಿ ಸಾರ್. ಮೆಲ್ಲಗೆ, ಅದು ರಾಗಿಮುದ್ದೆ ಅಲ್ಲ.”

ಒತ್ತಿದೆ. ಅಂಚಿನಲ್ಲಿ ಒಂದು ಚೂರು ಕಡಿಮೆ ಬಿತ್ತು.

“ಬೇರೆಯವರದು ಹಾಕ್ಲಾ ಸಾರ್?”

“ಬೇಡ.”

ಹಿಂದಿರುಗುವಾಗ ದಂಡು ನಿಲ್ದಾಣದ ಬೆಂಚಿನ ಮೇಲೆ ಕೂತು ಡಬ್ಬಿಯನ್ನು ಮತ್ತೊಮ್ಮೆ ಅಂಗೈಗೆ ಕೊಡವಿದೆ. ಕಡಿಮೆ ಬಿದ್ದ ಆ ಚೂರು ಅದರಲ್ಲಿರಲಿಲ್ಲ.