ದೊಡ್ಡವ್ವನ ಸಮಪಾಲು

ದೊಡ್ಡವ್ವ ಬಲಗೈ ಹೆಬ್ಬೆರಳಿನ ಉಗುರನ್ನು ಅಂಗಳದ ಕಲ್ಲಿಗೆ ತಿಕ್ಕಿ ತಿಕ್ಕಿ ಮಾಂಸದ ಮಟ್ಟಕ್ಕೆ ಸವೆಸಿದ್ದಳು. ಆಡಿನ ಕೆಳರೆಪ್ಪೆ ಎಳೆದು ನೋಡುವಾಗ ಉಗುರು ಚುಚ್ಚಬಾರದಲ್ಲ! ರೆಪ್ಪೆಯ ಒಳಗೆ ಕೆಂಪಗಿದ್ದರೆ ಆಡು ಗಟ್ಟಿ. ಬಿಳಚಿದ್ದರೆ ಹೊಟ್ಟೆಯ ಹುಳ ರಕ್ತ ಹೀರುತ್ತಿದೆ ಎಂದರ್ಥ.

ಈ ವಿದ್ಯೆ ಅವಳಿಗೆ ತಡವಾಗಿ ಬಂದದ್ದು. ಅವಳು ನಮ್ಮವ್ವನ ಅಕ್ಕ. ಮನೆ ಮುಂಡರಗಿ ಹತ್ತಿರದ ಹಳ್ಳಿಯಲ್ಲಿ. ರಜೆಗೆ ಹೋದ ಮಕ್ಕಳಿಗೆಲ್ಲ ಶೇಂಗಾ ಉಂಡೆ ಹಂಚಿ, ಒಂದು ಉಳಿದರೆ ಅದನ್ನೂ ಚೂರು ಮಾಡಿ ಕೊಡುತ್ತಿದ್ದಳು. ಜ್ವರ ಬಂದು ಮಲಗಿದ್ದ ನಾನು ಒಂದು ಹೆಚ್ಚಿಗೆ ಕೇಳಿದರೆ, "ಒಂದ ಕಣ್ಣಿಗೆ ಬೆಣ್ಣಿ, ಒಂದ ಕಣ್ಣಿಗೆ ಸುಣ್ಣ ಹಚ್ಚಾಕಿ ಅಲ್ಲ ನಾ" ಅಂದುಬಿಟ್ಟಳು. ಆಮೇಲೆ ರಾತ್ರಿಯಿಡೀ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತವಳೂ ಅವಳೇ.

ಆಡುಗಳಿಗೂ ಅದೇ ನ್ಯಾಯ. ಅಮಾವಾಸ್ಯೆ ಬಂತೆಂದರೆ ಹುಳದ ಔಷಧ ತಂದು, ಒಂದೇ ಬಾಟಲಿಯನ್ನು ಇಡೀ ಹಿಂಡಿಗೆ ಮುಟ್ಟಿಸುತ್ತಿದ್ದಳು. ಹೋತವಿರಲಿ, ಮರಿಯಿರಲಿ, ಬಿದಿರಿನ ಗೊಟ್ಟದಲ್ಲಿ ಎಲ್ಲದರ ಬಾಯಿಗೂ ಅದೇ ಅಳತೆ, ಮರಿಗೆ ಸಾಲುವಷ್ಟು. ಓಣಿಯಲ್ಲಿ ಇಂಥ ಕಾಳಜಿ ಮತ್ತಾರಿಗೂ ಇಲ್ಲವೆಂದು ಅವಳಿಗೆ ಕೊಂಚ ಜಂಬವೂ ಇತ್ತು.

ಒಂದು ಮಳೆಗಾಲ ಔಷಧ ನಾಟಲಿಲ್ಲ. ಆಡುಗಳ ಗದ್ದದ ಕೆಳಗೆ ನೀರು ತುಂಬಿ ಬಾತುಕೊಂಡಿತು. ಒಂದೊಂದಾಗಿ ಸಾಯತೊಡಗಿದವು. ದೊಡ್ಡವ್ವ ಕೆರೆದಂಡೆಯ ಹುಲ್ಲನ್ನು ಬೈದಳು, ಔಷಧದ ಅಂಗಡಿಯವನ ವಂಶ ಜಾಲಾಡಿದಳು. ಕೊನೆಗೆ ದನದ ಡಾಕ್ಟರು ಬಂದು ಹಿಕ್ಕೆಯನ್ನು ಪರೀಕ್ಷೆಗೆ ಒಯ್ದರು. ಮರುದಿನ ಬೇರೆ ಔಷಧ ತಂದುಕೊಟ್ಟು, ರೆಪ್ಪೆ ನೋಡುವುದನ್ನು ಕಲಿಸಿದರು.

"ಅವ್ವಾರ, ಅರೆಬರೆ ಔಷಧಕ್ಕ ಸಾಯದ ಹುಳ ಈಗ ಗಟ್ಟಿ ಆಗ್ಯಾವ್ರಿ. ಇನ್ನ ಎಲ್ಲಕ್ಕೂ ಹಾಕಬ್ಯಾಡ್ರಿ. ಬಿಳಚಿದ್ದಕ್ಕಷ್ಟ ಹಾಕ್ರಿ, ಅದರ ತೂಕಕ್ಕ ತಕ್ಕಷ್ಟು."

"ಅಂದ್ರ, ನಾ ಸಮ ಹಂಚಿದ್ದಕ್ಕ ಸತ್ತವೇನ್ರಿ?"

ಡಾಕ್ಟರು ಒಳ್ಳೆಯವರು. ಈ ಸಲ ಮಳೆ ಭಾಳ ಆತು ಎಂದು ಮಾತು ತಿರುಗಿಸಿದರು.

ಆದರೆ ದೊಡ್ಡವ್ವನಿಗೆ ಉತ್ತರ ಸಿಕ್ಕಿತ್ತು. "ಪಾಪಿ ಕೈ ಇದು" ಎಂದು ಎಷ್ಟೋ ಸಲ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅವಳು ಆ ವಯಸ್ಸಿನಲ್ಲಿ, ಅಷ್ಟು ಸಂಕಟಪಟ್ಟು, ಭೇದ ಮಾಡಲು ಕಲಿತಳು. ಬಿಳಚಿದ ಆಡಿಗೆ ಔಷಧ ಹಾಕುವಳು. ಕೆಂಪಗಿದ್ದುದರ ಬೆನ್ನು ಸವರಿ, "ಇವತ್ತ ನಿನ್ನ ಪಾಳಿ ಅಲ್ಲವ್ವಾ, ಸಿಟ್ಟಾಗಬ್ಯಾಡ" ಅನ್ನುವಳು. ಸಿಟ್ಟೆಲ್ಲಿಯದು? ಕಹಿ ತಪ್ಪಿದ ಖುಷಿಗೆ ಅದು ಜಿಗಿದು ಓಡುತ್ತಿತ್ತು. ನಾವು ನಗುತ್ತಿದ್ದೆವು. ಅವಳು ನಗುತ್ತಿರಲಿಲ್ಲ.

ಹೋದ ವರ್ಷ ಸುಸ್ತೆಂದು ಕುಸಿದು ಕೂತವಳನ್ನು ಗದಗಿನ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆ ಎಳೆದರು. ಒಳಗೆ ಸುಣ್ಣದಷ್ಟು ಬಿಳುಪು. ಎಲ್ಲರಿಗೂ ಸಮ ಬಡಿಸುವವಳು ತನ್ನ ತಾಟನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳ ಕಣ್ಣನ್ನೂ ಒಮ್ಮೆ ನೋಡಬೇಕೆಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ದೊಡ್ಡವ್ವ ನನ್ನ ಕಡೆ ತಿರುಗಿ, "ಇವತ್ತ ನನ್ನ ಪಾಳಿ ಬಂತ ನೋಡು" ಅಂದಳು.

ರಕ್ತ ಏರಿಸಿದರು. ಅವಳು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಉಗುರು ಕತ್ತರಿಸಿಕೊಂಡು ಆಡಿನ ದೊಡ್ಡಿಗೆ ಹೋದೆ. ಒಂದನ್ನೂ ಬಿಡದೆ ರೆಪ್ಪೆ ಎಳೆದು ನೋಡಿದೆ. ಎಲ್ಲವೂ ಕೆಂಪಗಿದ್ದವು. ಆವತ್ತು ಯಾವುದರ ಪಾಳಿಯೂ ಇರಲಿಲ್ಲ.